ದಿನಕ್ಕೆ ಮೂರು ಸಲ ಕೊಟ್ಟ ಟಗರು

ಭಂಡಾರ ತಂದವನು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆಮೇಲೆ ನಡೆದದ್ದಕ್ಕೆಲ್ಲ ನಾನು ಡೈರೆಕ್ಟರನ್ನು, ಕ್ಯಾಮೆರಾದವರನ್ನು, ಒಮ್ಮೊಮ್ಮೆ ಆ ಕುರುಬ ಮುತ್ಯಾನನ್ನೂ ಮನಸ್ಸಿನಲ್ಲೇ ಬೈದುಕೊಂಡು ತಿರುಗಿದ್ದೇನೆ. ಆದರೆ ಕುರುಬರ ದೇವರು ಬೀರೋಬಾನ ಗುಡಿಗೆ ಹೋಗಿ, ಪೂಜಾರಿಯ ಮುಂದೆ ಕರವಸ್ತ್ರ ಹಾಸಿ, ದೇವರ ಮೇಲಿನ ಅರಿಸಿನದ ಪುಡಿಯನ್ನು ಗಂಟು ಕಟ್ಟಿಕೊಂಡು ಬಂದದ್ದು ನಾನು. ಅದೂ ಬಹಳ ಶಾಣ್ಯಾ ಕೆಲಸ ಮಾಡಿದೆ ಎಂಬ ಠೇಂಕಾರದಿಂದ.

ಎಪ್ಪತ್ತರ ದಶಕದ ನಡುವಿನ ಮಾತು. ಸೊಲ್ಲಾಪುರದಲ್ಲಿ ನಮ್ಮದು ಚಾದರದ ಅಂಗಡಿ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಗಾದಿಯ ಮೇಲೆ ಕೂತು ಒಂದೇ ಕಾದಂಬರಿಯನ್ನು ನಾನು ಎಷ್ಟು ಸಲ ಓದಿದ್ದೆನೋ ಲೆಕ್ಕವಿಲ್ಲ. ನಮ್ಮ ಕಡೆ ಅದರ ನಿಜವಾದ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. ಟಗರಿನ ಪುಸ್ತಕ ಅಂದರೆ ಸಾಕು, ಎಲ್ಲರಿಗೂ ತಿಳಿಯುತ್ತಿತ್ತು. ಏಳು ಗುಡ್ಡಗಳ ಆಚೆಯ ಒಬ್ಬ ರಾಕ್ಷಸ ಊರಿನ ನೀರನ್ನೆಲ್ಲ ಕಲ್ಲಿನ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿರುತ್ತಾನೆ. ನೀರು ಬಿಡಬೇಕಾದರೆ ಮುದುಕ ಕುರುಬನೊಬ್ಬ ತನ್ನ ಮಾತಾಡುವ ಟಗರನ್ನು ಅವನಿಗೆ ಕೊಡಬೇಕು. ಕೊಡುತ್ತಾನೆ. ಆ ಟಗರು ರಾಕ್ಷಸನ ಮನೆಯಲ್ಲಿ ಒಂದು ವರ್ಷ ಇದ್ದು, ದಿನಕ್ಕೊಂದು ಪ್ರಶ್ನೆ ಕೇಳಿ ಅವನ ತಲೆ ತಿನ್ನುತ್ತದೆ. ಕೊನೆಗೆ ಉತ್ತರ ಹೊಳೆಯದ ರಾಕ್ಷಸ ತಾನೇ ಅದನ್ನು ಹೆಗಲ ಮೇಲೆ ಹೊತ್ತು, ಏಳು ಗುಡ್ಡ ದಾಟಿ ಬಂದು, ಮುದುಕನ ಹಟ್ಟಿಯ ಮುಂದೆ ಇಳಿಸಿ ಕೈಮುಗಿಯುತ್ತಾನೆ. ಆ ಕೊನೆಯ ಪುಟ ನಮ್ಮ ಓಣಿಯಲ್ಲಿ ಅರ್ಧ ಜನಕ್ಕೆ ಬಾಯಿಪಾಠವಿತ್ತು. ಓದು ಬಾರದ ನಮ್ಮ ಅವ್ವ ಕೂಡ ರೊಟ್ಟಿ ಬಡಿಯುತ್ತ ಅದನ್ನು ತಪ್ಪಿಲ್ಲದೆ ಹೇಳುತ್ತಿದ್ದಳು.

ಕೊಲ್ಹಾಪುರದ ಒಂದು ಕಂಪನಿ ಅದನ್ನು ಮರಾಠಿಯಲ್ಲಿ ಸಿನಿಮಾ ಮಾಡಲು ಹೊರಟಿತು. ಡೈರೆಕ್ಟರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಯಾರೋ ನನ್ನ ಹೆಸರು ಹೇಳಿದರು. ಸ್ಟೇಶನ್ ಹತ್ತಿರದ ಲಾಜಿನಲ್ಲಿ ಮೂರು ದಿನ ನಾನು ಇಡೀ ಕಾದಂಬರಿಯನ್ನು ಮರಾಠಿಯಲ್ಲಿ ಬಾಯಿಂದ ಹೇಳಿದೆ, ಅವರು ಗುರುತು ಹಾಕಿಕೊಂಡರು. ಆಮೇಲೆ ನನ್ನನ್ನು ಸಹಾಯಕನಾಗಿಯೇ ಇಟ್ಟುಕೊಂಡರು. ಊರವರ ಜೊತೆ ಕನ್ನಡ ಮಾತಾಡುವುದು, ಡೈಲಾಗಿನ ವಹಿ ಹಿಡಿದು ನಟರಿಗೆ ಹೇಳಿಕೊಡುವುದು, ಯಾವ ಶಾಟಿನಲ್ಲಿ ಯಾರ ಕೈಯಲ್ಲಿ ಏನಿತ್ತು ಬರೆದಿಡುವುದು, ಇಷ್ಟು ನನ್ನ ಕೆಲಸ. ಡೈರೆಕ್ಟರ್ ನನ್ನನ್ನು ಹೆಸರಿಂದ ಕರೆಯಲೇ ಇಲ್ಲ. "ಅರೇ ಕಾನಡೀ" ಅಂದರೆ ನಾನು ಓಡಬೇಕು.

ತಕರಾರು ಶುರುವಾದದ್ದು ಮೂರನೆಯ ದಿನ ಸಂಜೆ, ಕೊನೆಯ ಪುಟಕ್ಕೆ ಬಂದಾಗ. ಡೈರೆಕ್ಟರ್ ಪೆನ್ನು ಕೆಳಗಿಟ್ಟರು. "ಮೆಂಢಾ ಮರತೋ. ಪಾಣೀ ಯೇತೆ. ಸಂಪಲಾ," ಅಂದರು. ಟಗರು ಸಾಯುತ್ತದೆ, ನೀರು ಬರುತ್ತದೆ, ಮುಗಿಯಿತು! ನನಗೆ ಮೈ ಉರಿಯಿತು. ಜನ ಕಲ್ಲು ಹೊಡೆಯುತ್ತಾರೆ ಅಂದೆ. ಅವರು ಸಿಟ್ಟಾಗಲಿಲ್ಲ. ಟಗರನ್ನು ಮಾತಾಡಿಸಲು ಕಂಪನಿಯವರು ನಾನು ಬರುವ ಮೊದಲೇ ಪ್ರಯತ್ನ ಮಾಡಿ ನೋಡಿದ್ದರಂತೆ, ಅದನ್ನು ಹೇಳಿದರು. ಒಂದು ಟಗರಿನ ಬಾಯಿಗೆ ಕಡಲೆ ಕೊಟ್ಟು, ಅದು ಜಗಿಯುವುದನ್ನು ಚಿತ್ರ ತೆಗೆದು, ಮೇಲೆ ಧ್ವನಿ ಕೂಡಿಸಿ ತೋರಿಸಿದಾಗ ಯೂನಿಟ್ಟಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರಂತೆ. ಹಾಗಾಗಿ ಟಗರು ಮೂಕ ಆಯಿತು. ಮೂಕ ಟಗರು ಪ್ರಶ್ನೆ ಕೇಳುವುದು ಹೇಗೆ? ಪ್ರಶ್ನೆ ಇಲ್ಲದ ಮೇಲೆ ರಾಕ್ಷಸ ಅದನ್ನು ತಿರುಗಿ ತರುವುದಾದರೂ ಯಾಕೆ? ಚಾದರದ ಒಂದು ಎಳೆ ಜಗ್ಗಿದರೆ ಸಾಲಿಗೆ ಸಾಲೇ ಬಿಚ್ಚಿಕೊಳ್ಳುತ್ತದಲ್ಲ, ಹಾಗೆ.

"ಪುಸ್ತಕದಲ್ಲಿ ಅವನು ಹನ್ನೆರಡು ಪುಟ ನಡೆಯಬಹುದು. ಪಡದೆಯ ಮೇಲೆ ಕುರಿ ಹೊತ್ತ ಒಬ್ಬ ಮನುಷ್ಯ ಹನ್ನೆರಡು ನಿಮಿಷ ನಡೆದರೆ ನೀನು ಕೂತು ನೋಡುತ್ತೀಯಾ?" ಎಂದು ಅವರು ಮರಾಠಿಯಲ್ಲಿ ಕೇಳಿದರು. ಅವರು ಹೇಳಿದ್ದರಲ್ಲಿ ಅರ್ಧ ಖರೇ ಇತ್ತು, ಯಾವ ಅರ್ಧ ಎಂಬುದು ಮಾತ್ರ ತಿಳಿಯಲಿಲ್ಲ. ಅವತ್ತು ಹಿಡಿದ ಗೊಂದಲ ನನ್ನನ್ನು ಇವತ್ತಿಗೂ ಪೂರ್ತಿ ಬಿಟ್ಟಿಲ್ಲ.

ಶೂಟಿಂಗ್ ಇಟ್ಟದ್ದು ಅಕ್ಕಲಕೋಟದ ಆಚೆ, ಕುರನೂರ ಡ್ಯಾಮಿನ ಹಿನ್ನೀರಿನ ದಂಡೆಯಲ್ಲಿ. ಮುದುಕ ಕುರುಬನ ಪಾತ್ರಕ್ಕೆ ಕೊಲ್ಹಾಪುರದಿಂದ ಒಬ್ಬ ಹಿರಿಯ ನಟ ಬಂದಿದ್ದರು. ಮೊದಲನೆಯ ದಿನವೇ ಟಗರು ಅವರನ್ನು ಒಂದು ಸಲ ತಲೆಯಿಂದ ಮೆಲ್ಲಗೆ ನೂಕಿ ನೋಡಿತು, ಎರಡನೆಯ ಸಲ ಓಡಿಬಂದು ಮೊಣಕಾಲಿಗೆ ಗುದ್ದಿತು. ಅವರು ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಬಸ್ಸು ಹತ್ತಿದರು. ನಮ್ಮ ಹತ್ತಿರ ಇನ್ನು ಮೂರು ದಿನದ ರೀಲು, ನಾಲ್ಕು ದಿನದ ಕೆಲಸ ಇತ್ತು. ಡೈರೆಕ್ಟರ್ ಸುತ್ತ ನೋಡಿ, ಟಗರಿನ ಮಾಲಕನನ್ನೇ ನಿಲ್ಲಿಸಿ ಎಂದರು.

ಟಗರಿನ ಮಾಲಕ ಕುರನೂರಿನ ಒಬ್ಬ ಮುದುಕ. ಅಲ್ಲಿನವರೆಲ್ಲ ಮುತ್ಯಾ, ಅಂದರೆ ಅಜ್ಜ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಕಪ್ಪು ಮೋರೆಯ ಆ ಟಗರು ಅವನ ಹಿಂಡಿನ ಮುಂದಾಳು. ಅದು ಹೆಜ್ಜೆ ಇಟ್ಟರೆ ಇನ್ನೂರು ಕುರಿ ಹೆಜ್ಜೆ ಇಡುತ್ತಿದ್ದವು, ಅದು ನಿಂತರೆ ನಿಲ್ಲುತ್ತಿದ್ದವು. ಮುತ್ಯಾ ಅದರ ಜೊತೆ ಮಾತಾಡುತ್ತಿದ್ದ. ಅದು ಉತ್ತರ ಕೊಡುತ್ತಿತ್ತೆಂದು ನಾನು ಹೇಳುವುದಿಲ್ಲ, ಆದರೆ ಮುತ್ಯಾನಿಗೆ ಉತ್ತರ ಸಿಗುತ್ತಿತ್ತು.

"ಏನ ಹೇಳಬೇಕ್ರಿ ಸಾವಕಾರ್ರ?" ಎಂದು ಕೇಳಿದ.

"ಒಂದ ಮಾತು ಐತಿ ಮುತ್ಯಾ. ಮರಾಠಿಯೊಳಗ ಹೇಳಬೇಕು. ರಾಕ್ಷಸ ನಿಮ್ಮ ಮುಂದ ನಿಂತಿರ್ತಾನ. 'ಹಾ ಮೆಂಢಾ ಆಜಪಾಸೂನ ತುಝಾ. ಮಾಝಾ ಹಕ್ಕ ಸಂಪಲಾ.' ಅಷ್ಟ ಅಂದು ಪುಡಿ ತೂರಬೇಕು."

ಇವತ್ತಿನಿಂದ ಈ ಟಗರು ನಿನ್ನದು, ನನ್ನ ಹಕ್ಕು ತೀರಿತು. ಮುತ್ಯಾ ಎರಡು ಸಲ ಬಾಯಿಯಲ್ಲೇ ತಿರುವಿದ. "ಹೇಳ್ತೀನಿ ತಗೋರಿ. ಒಮ್ಮೆ ಹೂಂ ಅಂದಮ್ಯಾಲ ಹೇಳೂದ," ಅಂದ.

ರಾಕ್ಷಸನಾಗಿದ್ದವನು ಕಂದಲಗಾಂವದ ಒಬ್ಬ ಪೈಲವಾನ. ಅಕ್ಕಲಕೋಟ ರಸ್ತೆಯ ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ಪಾವರ್‌ಲೂಮ್ ನಡೆಸುತ್ತಿದ್ದ, ರಜೆ ಹಾಕಿ ಬಂದಿದ್ದ. ಕರೀ ಕಂಬಳಿ ಸುತ್ತಿ, ತಲೆಗೆ ಕಾಗದದ ಕೋಡು ಕಟ್ಟಿಕೊಂಡು ಬಿಸಿಲಲ್ಲಿ ಬೆವರುತ್ತ ಕೂತಿರುತ್ತಿದ್ದ.

ತೊಂದರೆ ಇದ್ದದ್ದು ಪುಡಿಯದು. ಸೂರ್ಯ ಇಳಿಯುವಾಗ ಬೆಳಕು ಹಿಂದಿನಿಂದ ಬರಬೇಕು, ಆ ಬೆಳಕಿನಲ್ಲಿ ಹಳದಿ ಪುಡಿ ಮೋಡದ ಹಾಗೆ ಏಳಬೇಕು, ಆ ಮೋಡದಲ್ಲಿ ಟಗರು ಮಾಯವಾಗಬೇಕು. ಸಾಮಾನು ನೋಡುವವನು ತಂದಿದ್ದ ಬಣ್ಣದ ಪುಡಿ ತೂರಿದರೆ ಉಸುಕಿನ ಹಾಗೆ ನೆಟ್ಟಗೆ ನೆಲಕ್ಕೆ ಬೀಳುತ್ತಿತ್ತು. ಮೈದಾಹಿಟ್ಟು ಕೂಡಿಸಿ ನೋಡಿದರು, ಉಂಡೆ ಕಟ್ಟಿತು. ಗಂಟೆ ಐದಾಗುತ್ತ ಬಂದಿತ್ತು. ಕ್ಯಾಮೆರಾಮನ್ ಕಣ್ಣಿಗೆ ಕರೀ ಗಾಜು ಹಿಡಿದು ಸೂರ್ಯನನ್ನು ನೋಡಿ, ಒಂದು ತಾಸು ಇದೆ ಅಂದ. ಆಗ ನನಗೆ ನೆನಪಾಯಿತು, ದಂಡೆಯ ಮೇಲಿನ ಬೀರೋಬಾನ ಗುಡಿಯಲ್ಲಿ ಭಂಡಾರ ರಾಶಿ ಬಿದ್ದಿರುತ್ತದೆ. ಹಗುರು, ನುಣುಪು. ಭಕ್ತರು ತೂರಿದರೆ ಗಾಳಿಯಲ್ಲಿ ನಿಲ್ಲುತ್ತದೆ. ಓಡಿದೆ.

ಭಂಡಾರ ಪವಿತ್ರ ಎಂಬುದು ನನಗೆ ಗೊತ್ತಿತ್ತು. ಬಿಲ್ವಪತ್ರೆ, ಭಂಡಾರ ಎತ್ತಿ ಆಣೆ ಮಾಡುತ್ತಾರೆ ಎಂಬುದೂ ಕೇಳಿ ಗೊತ್ತಿತ್ತು. ಆದರೆ ಪೇಟೆಯವನು ನಾನು, ಅದನ್ನು ಹಣೆಗೆ ಹಚ್ಚಿಕೊಂಡು ಮನೆಗೆ ಹೋದವನೇ ಹೊರತು ಅದನ್ನು ಕೈಯಲ್ಲಿ ಹಿಡಿದು ಬದುಕಿದವನಲ್ಲ. ತಾಲೀಮಿನಲ್ಲೆಲ್ಲ ಮುತ್ಯಾ ಮಣ್ಣು ಹಿಡಿದುಕೊಂಡೇ ಮಾತು ಹೇಳಿದ್ದ. ಟೇಕಿನ ಹೊತ್ತಿಗೆ, ಕ್ಲ್ಯಾಪ್ ಹಲಗೆ ಬಡಿಯುವ ಮೊದಲು, ನಾನು ಅವನ ಮುಷ್ಟಿ ಬಿಡಿಸಿ ಮಣ್ಣು ಉದುರಿಸಿ ಭಂಡಾರ ತುಂಬಿದೆ. ಅವನು ಸೂರ್ಯನಿಗೆ ಬೆನ್ನು ಮಾಡಿ ನಿಂತಿದ್ದ, ಕೈ ನೋಡಿಕೊಳ್ಳಲಿಲ್ಲ.

ಕ್ಯಾಮೆರಾ ಗರಗರ ಅನ್ನತೊಡಗಿತು. ಆಗಿನ ಹೊರಾಂಗಣ ಕ್ಯಾಮೆರಾಗಳ ಸದ್ದಿನಲ್ಲಿ ಧ್ವನಿ ಹಿಡಿಯುವ ಪ್ರಶ್ನೆಯೇ ಇರಲಿಲ್ಲ, ಮಾತೆಲ್ಲ ಆಮೇಲೆ ಸ್ಟುಡಿಯೋದಲ್ಲಿ ಕೂಡಿಸಬೇಕು. ಆದರೂ ತುಟಿ ಕೂಡಬೇಕಾದ್ದರಿಂದ ನಟರು ಪೂರ್ತಿ ಹೇಳಲೇಬೇಕು. ಮುತ್ಯಾ ಕೈ ಎತ್ತಿದ. ಎತ್ತಿದ ಕೈಯಿಂದ ವಾಸನೆ ಬಂದಿರಬೇಕು, ಮುಷ್ಟಿಯತ್ತ ನೋಡಿದ. ನಿಂತುಬಿಟ್ಟ. ರೀಲು ಓಡುತ್ತಿದೆ, ಮುತ್ಯಾ ಮುಷ್ಟಿಯನ್ನು ನೋಡುತ್ತಾನೆ, ಟಗರನ್ನು ನೋಡುತ್ತಾನೆ. ಆಮೇಲೆ ಅವನ ಮೋರೆಯಲ್ಲಿ ಏನೋ ಇಳಿದು ಹೋಯಿತು. ನಿಧಾನ, ಒಂದೊಂದೇ ಅಕ್ಷರ, ಆ ಮಾತು ಹೇಳಿ ಭಂಡಾರ ತೂರಿದ. ಹಳದಿ ಮೋಡ ಎದ್ದು ಬೆಳಕಿನಲ್ಲಿ ನಿಂತಿತು.

"ಕಟ್!" ಎಂದ ಡೈರೆಕ್ಟರ್ ಓಡಿಬಂದು ಮುತ್ಯಾನನ್ನು ತಬ್ಬಿಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಮುತ್ಯಾ ಕೈ ಜಾಡಿಸಿ, ಕೋಲು ತೆಗೆದುಕೊಂಡು, ಹಟ್ಟಿಯ ದಾರಿ ಹಿಡಿದ. ಟಗರು ನಿಂತಲ್ಲೇ ಉಳಿಯಿತು.

"ಮುತ್ಯಾ, ಟಗರು ಬಿಟ್ಟು ಹೊಂಟ್ರೆಲ್ಲಾ!" ಅಂದೆ.

"ನಂದೇನೈತ್ರಿ ಅದರಾಗ ಇನ್ನ," ಅಂದ. ತಿರುಗಿ ನೋಡದೆ ಹೋದ.

ದಣಿದಿದ್ದಾನೆ, ನಾಳೆ ಒಯ್ಯುತ್ತಾನೆ ಅಂದುಕೊಂಡೆ. ಟಗರನ್ನು ನಮ್ಮ ಲಾರಿಗೆ ಕಟ್ಟಿದೆವು. ಅದು ಹಟ್ಟಿಯ ಕಡೆ ಮೋರೆ ಮಾಡಿ ಒದರುತ್ತಿತ್ತು, ಹಾಕಿದ ಸೊಪ್ಪು ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಹಿಂಡು ನೀರಿನ ಅಂಚು ದಾಟುವ ಶಾಟ್ ಇತ್ತು. ಮುತ್ಯಾ ಹಿಂಡು ತಂದ, ಆದರೆ ಕುರಿಗಳು ದಂಡೆಗೆ ಬಂದು ಗುಂಪುಗಟ್ಟಿ ನಿಂತವು. ಮುಂದಾಳು ಇಲ್ಲ. ಮಕ್ಕಳು, ಮೊಮ್ಮಕ್ಕಳು ಹಿಂದಿನಿಂದ ಅಟ್ಟಿದರೂ ಸುತ್ತ ತಿರುಗಿದವೇ ಹೊರತು ನೀರಿಗೆ ಇಳಿಯಲಿಲ್ಲ. ಟಗರನ್ನು ತಂದು ಮುಂದೆ ಬಿಡಿ ಅಂದರೆ ಮುತ್ಯಾ ಕೋಲಿನ ಮೇಲೆ ಗದ್ದ ಇಟ್ಟು ನಿಂತ.

"ಅದು ಆ್ಯಕ್ಟಿಂಗ್ ಮುತ್ಯಾ. ಬಾಯಿಮಾತು," ಎಂದು ನಾನು ಬಿಡಿಸಿ ಹೇಳಿದೆ.

"ಬಾಯಿ ಆ್ಯಕ್ಟಿಂಗ್ ಮಾಡಿತ್ರಿ. ಕೈಯಾಗ ಭಂಡಾರ ಇತ್ತಲ್ಲಾ?"

"ನೀವು ಹೇಳಿದ್ದು ಮರಾಠಿಯೊಳಗ! ಮನಸ್ಸಿನ ಮಾತಲ್ಲ ಅದು."

"ಬೀರೋಬಾಗ ಮರಾಠಿ ಬರೂದಿಲ್ಲೇನ್ರಿ?"

ಹಿಂದೆ ನಿಂತ ಪೈಲವಾನ ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ. "ಹಂಗಾದ್ರ ನಿನ್ನೆ ಯಾಕ ಹೇಳಿದ್ರಿ? ಭಂಡಾರ ಅಂತ ತಿಳದಮ್ಯಾಲ ಸುಮ್ಮನ ನಿಲ್ಲಬೇಕಿತ್ತು," ಎಂದು ರೇಗಿದೆ.

"ಹೇಳ್ತೀನಿ ಅಂತ ನಿಮಗ ಮಾತು ಕೊಟ್ಟಿದ್ನಲ್ರಿ. ನಾ ಹಿಡದು ತಂದಿದ್ದಲ್ಲ ಭಂಡಾರ, ತಾನಾಗಿ ಕೈಯಾಗ ಬಂತು. ಬೀರೋಬಾಗ ಬೇಕಾಗಿತ್ತು ಅಂತ ತಿಳದು ಕೊಟ್ಟೆ." ಟಗರಿನ ಕಡೆ ಮುತ್ಯಾ ನೋಡುತ್ತಲೇ ಇರಲಿಲ್ಲ.

ತಾನಾಗಿ ಬಂದದ್ದಲ್ಲ, ನಾನು ತುಂಬಿದ್ದು ಎಂದು ಅಲ್ಲೇ ಒಪ್ಪಿಕೊಂಡೆ. ಆಯಿತು, ತಂದವರು ನೀವೇ ಇರಲಿ, ಕಳಿಸಿದವನು ಅವನೇ ಅಂದ. ಹಾಗಾದರೆ ಕಂಪನಿಯವರು ನಾವು ಟಗರನ್ನು ನಿಮಗೆ ಕೊಡುತ್ತೇವೆ, ತಗೊಳ್ಳಿ ಅಂದೆ.

"ನಿಮಗ ಎಲ್ಲಿ ಕೊಟ್ಟೀನ್ರಿ ನಾ? ರಾಕ್ಷಸಗ ಕೊಟ್ಟೀನಿ. ಕೊಟ್ರ ಆಂವ ಕೊಡಬೇಕು. ಹಂಗ ಭಂಡಾರ ಹಿಡದು."

ಇದು ಪುಸ್ತಕದ ಕೊನೆಯ ಪುಟ. ಪುಸ್ತಕ ಓದದ, ಅದರ ಕಥೆಯನ್ನೂ ಕೇಳದ ಮನುಷ್ಯ ಅದನ್ನೇ ಕೇಳುತ್ತಿದ್ದ. ನಾನು ಡೈರೆಕ್ಟರ ಹತ್ತಿರ ಹೋಗಿ, ರಾಕ್ಷಸ ಟಗರನ್ನು ತಿರುಗಿ ಕೊಡುವ ಸೀನು ತೆಗೆಯದಿದ್ದರೆ ಹಿಂಡು ನೀರಿಗಿಳಿಯುವುದಿಲ್ಲ ಎಂದು ಹೇಳಿದೆ. ಅವರು ಸೂರ್ಯನನ್ನು ನೋಡಿದರು, ಕುರಿಗಳನ್ನು ನೋಡಿದರು, ನನ್ನನ್ನು ಬಹಳ ಹೊತ್ತು ನೋಡಿದರು. ಇದೆಲ್ಲ ನಿನ್ನ ಕಾರಸ್ಥಾನವೇ ಎಂದು ಕೇಳಿದರು. ಅಲ್ಲ ಎಂದು ಆಣೆ ಮಾಡಿದೆ, ಬರಿಗೈಯಲ್ಲಿ. ಆಮೇಲೆ ಅವರು ಕ್ಯಾಮೆರಾಮನ್ನಿನ ಕಿವಿಯಲ್ಲಿ ಏನೋ ಹೇಳಿ, "ಠೀಕ ಆಹೆ. ಘೇ ತುಝಾ ಸೀನ," ಅಂದರು. ತಗೋ ನಿನ್ನ ಸೀನು.

ಬರೆಯಲು ನನಗೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಪೈಲವಾನ ಕನ್ನಡದವನೇ, ಕನ್ನಡದಲ್ಲೇ ಹೇಳು, ಮರಾಠಿ ಆಮೇಲೆ ಕೂಡಿಸೋಣ ಅಂದೆ. ಅವನು ಟಗರನ್ನು ಹೆಗಲಿಗೇರಿಸಿಕೊಂಡು ದಿಬ್ಬ ಇಳಿದು ಬಂದ. ಅದು ಅವನ ಕೋಡು ಕಿತ್ತು ಹಾಕಿತು, ಅವನು ನಿಲ್ಲಲಿಲ್ಲ. ಮುತ್ಯಾನ ಮುಂದೆ ಅದನ್ನು ಇಳಿಸಿ, ಭಂಡಾರ ಹಿಡಿದು, "ಇದು ನಿನ್ನದು, ನನ್ನಲ್ಲಿ ಇದಕ್ಕೆ ಮನೆ ಇಲ್ಲ" ಎಂದು ಹೇಳಿ ತೂರಿದ. ಮುತ್ಯಾ ಹಣೆಗೆ ಕೈ ಹಚ್ಚಿ, ಟಗರಿನ ಕುತ್ತಿಗೆಯಲ್ಲಿ ಮೋರೆ ಹುದುಗಿಸಿದ. ನಾನು ಕಣ್ಣೊರೆಸಿಕೊಂಡೆ. ಅರ್ಧ ತಾಸಿನಲ್ಲಿ ಇನ್ನೂರು ಕುರಿ ನೀರು ದಾಟಿದವು. ಕಾದಂಬರಿಯನ್ನು ನಾನೊಬ್ಬನೇ ಉಳಿಸಿದೆ ಎಂದು ಆ ದಿನ ನಾನು ಎರಡು ಊಟ ಉಂಡೆ.

ಎರಡು ತಿಂಗಳಾದ ಮೇಲೆ ಡಬ್ಬಿಂಗಿಗೆಂದು ಕೊಲ್ಹಾಪುರಕ್ಕೆ ಕರೆಸಿದರು. ಮುತ್ಯಾನ ತುಟಿಗೆ ಒಬ್ಬ ನಾಟಕದ ನಟ ಧ್ವನಿ ಕೊಡುತ್ತಿದ್ದ. ಚಿತ್ರದ ತುಂಡನ್ನು ಕುಣಿಕೆ ಮಾಡಿ ಮತ್ತೆ ಮತ್ತೆ ಓಡಿಸುತ್ತಾರೆ, ನಟ ತುಟಿ ನೋಡಿ ಮಾತು ಕೂಡಿಸಬೇಕು. ಆ ನಿಲುಗಡೆ, ಮುತ್ಯಾ ಮುಷ್ಟಿ ನೋಡುವ ಆ ಹೊತ್ತು, ಹದಿನೈದು ಸಲ ನನ್ನ ಕಣ್ಣ ಮುಂದೆ ಬಂತು. ಆಮೇಲೆ ಎಡಿಟಿಂಗ್ ಕೋಣೆಗೆ ಹೋಗಿ ರಾಕ್ಷಸ ತಿರುಗಿ ಬರುವ ತುಂಡು ಯಾವ ಡಬ್ಬಿಯಲ್ಲಿದೆ ಎಂದು ಕೇಳಿದೆ. ನನ್ನ ವಹಿಯಲ್ಲಿ ಶಾಟ್ ನಂಬರು ಬರೆದದ್ದಿತ್ತು. ಎಡಿಟರ್ ಹುಡುಕಿದ, ಇಲ್ಲ ಅಂದ. ಕ್ಯಾಮೆರಾಮನ್ನಿನ ಸಹಾಯಕ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದ, ನನ್ನ ಮೋರೆ ನೋಡಿ ನಗಲೋ ಬೇಡವೋ ಅನ್ನುವ ಹಾಗೆ ಮಾಡಿದ. "ಕ್ಯಾಮೆರಾ ರಿಕಾಮಾ ಹೋತಾ ರೇ," ಅಂದ.

ಕ್ಯಾಮೆರಾದೊಳಗೆ ರೀಲೇ ಇರಲಿಲ್ಲ. ಖಾಲಿ ಓಡಿಸಿದ್ದರು.

ಡೈರೆಕ್ಟರ ಕೋಣೆಗೆ ನುಗ್ಗಿ ಜೋರು ಮಾಡಿದೆ. ಅವರು ಸಮಾಧಾನದಿಂದ ಕೇಳಿಸಿಕೊಂಡರು. ರೀಲು ರೇಶನ್ನಿನಲ್ಲಿ ಸಿಗುವ ಕಾಲ, ಬೇಡದ ಸೀನಿಗೆ ಎಲ್ಲಿಂದ ತರಲಿ ಅಂದರು. ಮುದುಕನಿಗೆ ಟಗರು ಸಿಕ್ಕಿತು, ನನಗೆ ಶಾಟು ಸಿಕ್ಕಿತು, ಕಳಕೊಂಡವರು ಯಾರು ಹೇಳು ಅಂದರು. ಪುಸ್ತಕ ಕಳಕೊಂಡಿತು ಅಂದೆ. "ಪುಸ್ತಕ ನಿನ್ನ ಅಂಗಡಿಯ ಗಾದಿಯ ಮೇಲಿದೆ. ಅದರ ಒಂದು ಪುಟವನ್ನೂ ನಾನು ಹರಿದಿಲ್ಲ," ಅಂದರು.

ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಮೋಸ ಎಂದರೆ ಮೋಸ. ಆದರೆ ಪೈಲವಾನ ಟಗರನ್ನು ಹೊತ್ತು ತಂದದ್ದು ಸುಳ್ಳೇ? ಭಂಡಾರ ತೂರಿದ್ದು ಸುಳ್ಳೇ? ಆ ದಿನ ದಂಡೆಯಲ್ಲಿ ಖರೇ ನಡೆದದ್ದು ಅದೊಂದೇ ಸೀನು, ಅದೊಂದೇ ರೀಲಿನಲ್ಲಿ ಇಲ್ಲ. ಕೆಲಸ ಬಿಟ್ಟು ಹೋಗಬೇಕಿತ್ತು, ಹೋಗಲಿಲ್ಲ. ನನಗೆ ಸಿನಿಮಾ ಆಗಲೇ ಹಿಡಿಸಿಬಿಟ್ಟಿತ್ತು, ಅದಕ್ಕೆ ನಾಚಿಕೆಯೂ ಆಗುತ್ತಿತ್ತು.

ಚಿತ್ರ ಅಕ್ಕಲಕೋಟಕ್ಕೆ ಬಂದಾಗ ಕಂಪನಿ ನನ್ನನ್ನು ರೀಲಿನ ಪೆಟ್ಟಿಗೆಯ ಜೊತೆ ಕಳಿಸಿತು. ಟಾಂಗಾದಲ್ಲಿ ಕೂತು ಭೋಂಗಾದಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಕೂಗುವುದು ನನ್ನ ಕೆಲಸ. ತಗಡಿನ ಟಾಕೀಸು, ದಿನಕ್ಕೆ ಮೂರು ಆಟ. ಮೊದಲ ಆಟಕ್ಕೆ ಕುರನೂರಿನಿಂದ ಲಾರಿ ತುಂಬ ಜನ ಬಂದರು, ಮುತ್ಯಾ ಮುಂದಿನ ಸಾಲಿನಲ್ಲಿ. ಮುಷ್ಟಿ ನೋಡುವ ಜಾಗಕ್ಕೆ ಬಂದಾಗ ಹೆಂಗಸರ ಕಡೆ ಅಳು ಎದ್ದಿತು. ಟಗರು ಸತ್ತಿತು, ನೀರು ಬಂತು, ದೀಪ ಹತ್ತಿದವು. ಪುಸ್ತಕ ಓದಿದವರು ಮಾತ್ರ ಎದ್ದು ನಿಂತು "ಎಲ್ಲಿ? ರಾಕ್ಷಸ ತಿರುಗಿ ತರೂದು ಎಲ್ಲಿ?" ಎಂದು ಕೂಗಿದರು. ಒಬ್ಬ ಕುರ್ಚಿ ಬಡಿದ. ನಾನು ಪೆಟ್ಟಿಗೆಗಳ ಹಿಂದೆ ಅಡಗಿದೆ.

ಮರುದಿನ ಬೆಳಿಗ್ಗೆ ಟಾಕೀಸಿನ ಬಾಗಿಲಲ್ಲಿ ಮುತ್ಯಾ ನಿಂತಿದ್ದ, ಟಗರಿನ ಜೊತೆ. ನನ್ನನ್ನು ಕಂಡವನೇ ಅದರ ಹಗ್ಗ ನನ್ನ ಕೈಗೆ ಹಾಕಿದ.

"ನಾ ಕೊಟ್ಟಿದ್ದು ಐತ್ರಿ ಪಿಚ್ಚರದಾಗ. ಆಂವ ತಿರುಗಿ ಕೊಟ್ಟಿದ್ದು ಇಲ್ಲ."

ಕ್ಯಾಮೆರಾ ಖಾಲಿ ಇತ್ತೆಂದು ಹೇಳಲು ನನಗೆ ಬಾಯಿ ಬರಲಿಲ್ಲ. "ಆದ್ರ ಆಂವ ಕೊಟ್ಟಾನಲ್ಲ ಮುತ್ಯಾ, ನೀವು ತಗೊಂಡೀರಿ," ಅಂದೆ.

"ಯಾರ ನೋಡ್ಯಾರ? ನೀವು ನಾಕ ಮಂದಿ. ನಾ ಕೊಟ್ಟಿದ್ದು ಇಡೀ ತಾಲೂಕ ನೋಡಾಕತ್ತೈತಿ. ನಿನ್ನೆ ಮೂರ ಸಲ ಕೊಟ್ಟೆ, ಇವತ್ತ ಮೂರ ಸಲ ಕೊಡಾವ. ದಿನಾ ಕೊಟ್ಟು ದಿನಾ ಮನ್ಯಾಗ ಕಟ್ಟಿಕೊಂಡ್ರ ನಾ ಎಂಥಾಂವ ಆದ್ನಿ? ನಿನ್ನೆ ಲಾರ್‍ಯಾಗ ನನ್ನ ಅಳಿಯ ಕೇಳಿದ, ಮಾವಾ, ಕೊಟ್ಟ ಟಗರು ಹಟ್ಟ್ಯಾಗ ಹೆಂಗೈತಿ ಅಂತ."

ನನಗೊಂದು ದಾರಿ ಕಂಡಿತು. "ಪಿಚ್ಚರದಾಗಿನ ಧ್ವನಿ ನಿಮ್ಮದಲ್ಲ ಮುತ್ಯಾ! ಕೊಲ್ಹಾಪುರದ ನಟನ ಧ್ವನಿ. ಮಾತು ಆಡಿದಾಂವ ಆಂವ, ನೀವಲ್ಲ."

ಅವನು ವಿಚಾರ ಮಾಡಿದ. "ಬಾಯಿ ಅವಂದ ಇರಲಿ. ಕೈ ಯಾರದು?"

ಪೈಲವಾನನನ್ನು ಕರೆಸೋಣ ಅಂದರೆ ಎಂಐಡಿಸಿಯಿಂದ ಅವನಿಗೆ ರಜೆ ಸಿಗುವ ಹಾಗಿರಲಿಲ್ಲ. ಕಂಪನಿಗೆ ತಾರು ಹೊಡೆದರೆ ನಕ್ಕು ಬಿಸಾಡುತ್ತಾರೆ. ಟಗರಿನ ಹಗ್ಗ ಹಿಡಿದು ಬಿಸಿಲಲ್ಲಿ ನಿಂತಿದ್ದೆ, ಟಗರು ನನ್ನ ಧೋತರದ ಅಂಚು ಜಗಿಯುತ್ತಿತ್ತು. ಮುತ್ಯಾ ಬರಿಗೈಯಲ್ಲಿ ಹೊರಟುಹೋಗಲು ತಿರುಗಿದ. ಆ ಬರಿ ಕೈ ನೋಡಲು ನನ್ನಿಂದ ಆಗಲಿಲ್ಲ.

"ನಿಲ್ರಿ ಮುತ್ಯಾ. ರಾಕ್ಷಸ ನಾ ಆಗ್ತೀನಿ," ಅಂದೆ.

ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಗ ನಾನು ಕಡ್ಡಿಯ ಹಾಗಿದ್ದೆ. "ಆಗ್ತದೇನ್ರಿ ನಿಮ್ಮ ಕಡಿಂದ?" ಎಂದು ಕೇಳಿದ. ಆಮೇಲೆ ತಾನೇ, "ಕಥಿ ಪಿಚ್ಚರದವ್ರಿಗೆ ಹೇಳಿದವ್ರು ನೀವ, ಭಂಡಾರ ತಂದವ್ರೂ ನೀವ. ಆತು, ನೀವ ಆಗ್ರಿ," ಅಂದ.

ಟಾಕೀಸಿನ ಮ್ಯಾನೇಜರ್ ಹೆದರಿದ, ಐದು ನಿಮಿಷಕ್ಕೆ ಒಪ್ಪಿದ. ಮೂರು ಗಂಟೆಯ ಆಟ ಮುಗಿದು ದೀಪ ಹತ್ತಿದಾಗ ನಾನು ಟಗರನ್ನು ಹೆಗಲ ಮೇಲೆ ಹಾಕಿಕೊಂಡು ಪಡದೆಯ ಮುಂದಿನ ಕಟ್ಟೆ ಹತ್ತಿದೆ. ಜನ ಹೋ ಎಂದು ನಕ್ಕರು, ಕಡಲೆಕಾಯಿ ಸಿಪ್ಪೆ ತೂರಿದರು. ಮುತ್ಯಾ ಎದುರು ಬಂದು ನಿಂತ, ಸೊಂಟದಿಂದ ಭಂಡಾರ ತೆಗೆದು ನನ್ನ ಮುಷ್ಟಿಗೆ ತುಂಬಿದ. ನಾನು ಪುಸ್ತಕದ ಕೊನೆಯ ಪುಟ ಶುರುಮಾಡಿದೆ. ಎರಡನೆಯ ವಾಕ್ಯಕ್ಕೇ ಮಾತು ಮರೆತುಹೋಯಿತು. ಅಷ್ಟು ಸಲ ಓದಿದವನಿಗೆ, ಅವ್ವನ ರೊಟ್ಟಿಯ ಸಪ್ಪಳದ ಜೊತೆ ಕಲಿತವನಿಗೆ, ಮರೆತುಹೋಯಿತು! ಆಗ ಹಿಂದಿನ ಬೆಂಚಿನಿಂದ ಯಾರೋ ಮುಂದಿನ ವಾಕ್ಯ ಹೇಳಿದರು. ಇನ್ನೊಬ್ಬರು ಅದರ ಮುಂದಿನದು. ಹೆಂಗಸರ ಕಡೆಯಿಂದ ಒಂದು ಧ್ವನಿ. ನಾನು ಹೇಳಬೇಕಾದದ್ದು ಕೊನೆಯ ಮಾತು ಮಾತ್ರ ಉಳಿಯಿತು. "ಇದು ನಿನ್ನದು, ನನ್ನಲ್ಲಿ ಇದಕ್ಕೆ ಮನೆ ಇಲ್ಲ" ಎಂದು ಭಂಡಾರ ತೂರಿದೆ. ಮುತ್ಯಾ ಹಗ್ಗ ಹಿಡಿದುಕೊಂಡ.

ಆರು ಗಂಟೆಯ ಆಟಕ್ಕೂ ಹಾಗೇ. ಕೊನೆಯ ಆಟಕ್ಕೂ ಹಾಗೇ. ಚಿತ್ರ ಅಲ್ಲಿ ಓಡಿದ ಒಂಬತ್ತು ದಿನವೂ ಮುತ್ಯಾ ಟಗರಿನ ಜೊತೆ ಟಾಕೀಸಿನ ಹಿಂದಿನ ಬೇವಿನ ಗಿಡದ ಕೆಳಗೆ ಬಿಡಾರ ಹೂಡಿದ. ಪಡದೆಯ ಮೇಲೆ ಕೊಟ್ಟ, ಕಟ್ಟೆಯ ಮೇಲೆ ತಗೊಂಡ. ಕೆಲವರು ಚಿತ್ರ ಬಿಟ್ಟು ಅದಕ್ಕೇ ಬರತೊಡಗಿದರು. ಮತ್ತೆ ಕೆಲವರು ಎದ್ದು ಹೋದರು, ಸತ್ತ ಟಗರಿಗಾಗಿ ಅತ್ತ ಮೇಲೆ ಇದು ತಮಾಷೆ ಅನ್ನಿಸಿತಂತೆ. ಅವರ ಮಾತೂ ನನಗೆ ಸರಿ ಅನ್ನಿಸಿತು. ಕತ್ತಲಲ್ಲಿ ನಿಂತು ನೋಡುವಾಗ ಆ ಮುಷ್ಟಿಯ ಜಾಗಕ್ಕೆ ಪ್ರತಿ ಸಲವೂ ನನಗೇ ಅಳು ಬರುತ್ತಿತ್ತು, ಪುಸ್ತಕ ಓದುವಾಗ ಅಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಹತ್ತನೆಯ ದಿನ ಪೆಟ್ಟಿಗೆ ಬಾರ್ಶಿಗೆ ಹೊರಟಿತು. ಬಾರ್ಶಿಯಲ್ಲೂ ಮುತ್ಯಾ ದಿನಕ್ಕೆ ಮೂರು ಸಲ ಕೊಡುತ್ತಾನಲ್ಲ, ಅಲ್ಲಿ ಯಾರು ತಿರುಗಿ ಕೊಡುವವರು? ಸುಮ್ಮನಿರಲಾರದೆ ಅವನನ್ನೇ ಕೇಳಿದೆ. ಮುತ್ಯಾ ಕಂಬಳಿ ಹೆಗಲಿಗೆ ಹಾಕಿಕೊಳ್ಳುತ್ತ ನಿಂತಿದ್ದ.

"ಬಾರ್ಶಿ ಮಂದಿ ನನ್ನ ಬಲ್ಲರೇನ್ರಿ? ಅಲ್ಲಿ ಅದು ಪಿಚ್ಚರು. ಇಲ್ಲಿ ಅದು ನಾನು," ಅಂದ. ಟಗರು ಮುಂದೆ, ಅವನು ಹಿಂದೆ, ಕುರನೂರಿನ ದಾರಿ ಹಿಡಿದರು. ನಾಲ್ಕು ಹೆಜ್ಜೆ ಹೋಗಿ ತಿರುಗಿ, "ಮತ್ತ ಅಕ್ಕಲಕೋಟಕ್ಕ ಬಂತಂದ್ರ ಒಂದ ಕಾರ್ಡ್ ಹಾಕ್ರಿ," ಎಂದು ಕೂಗಿದ.

ಮುಂದಿನ ವರ್ಷ ಮಳೆಗಾಲದ ಹೊತ್ತಿಗೆ ಅದೇ ಟಾಕೀಸಿಗೆ ಚಿತ್ರ ನಾಲ್ಕು ದಿನಕ್ಕೆ ಮತ್ತೆ ಬಂತು. ನಾನು ಆಗ ತಿರುಗಿ ಅಂಗಡಿಗೆ ಬಂದಿದ್ದೆ. ಕಾರ್ಡ್ ಹಾಕಿದೆ, ಬಸ್ಸು ಹಿಡಿದು ಹೋದೆ. ಬೇವಿನ ಗಿಡದ ಕೆಳಗೆ ಮುತ್ಯಾ ಒಬ್ಬನೇ ಕೂತಿದ್ದ.

"ಟಗರು ಎಲ್ಲಿ ಮುತ್ಯಾ?"

"ಸತ್ತು ಮೂರ ತಿಂಗಳಾತ್ರಿ. ವಯಸ್ಸಾಗಿತ್ತು."

ಪಕ್ಕದಲ್ಲಿ ಕೂತೆ. ಒಳಗೆ ಮೂರು ಗಂಟೆಯ ಆಟ ನಡೆದಿತ್ತು, ನಾಟಕದವನ ಧ್ವನಿಯಲ್ಲಿ ಆ ಮಾತು ತಗಡಿನಾಚೆ ಕೇಳಿಸಿತು. ಹಾಗಾದರೆ ಇನ್ನು ಕಟ್ಟೆ ಹತ್ತುವುದು ಬೇಡ ಅಲ್ಲವೇ ಎಂದು ಮೆಲ್ಲಗೆ ಕೇಳಿದೆ.

ಮುತ್ಯಾ ಎದ್ದು ನಿಂತು ಸೊಂಟದ ಚೀಲ ಬಿಚ್ಚಿದ. "ಸತ್ತರ ಸಾಯಲಿ ಸಾವಕಾರ್ರ. ನಂದಾಗಿ ಸತ್ತೈತೋ ಇಲ್ಲೋ ಮಂದಿಗೆ ತಿಳೀಬೇಕಲ್ಲ," ಎಂದು ನನ್ನ ಅಂಗೈಯಲ್ಲಿ ಭಂಡಾರ ಹಾಕಿದ.

ದೀಪ ಹತ್ತಿದಾಗ ನಾನು ಖಾಲಿ ಹೆಗಲಿನಲ್ಲೇ ಕಟ್ಟೆ ಹತ್ತಿ, ಅಲ್ಲಿ ಇಲ್ಲದ ಟಗರನ್ನು ಅವನಿಗೆ ತಿರುಗಿ ಕೊಟ್ಟೆ. ಯಾರೂ ನಗಲಿಲ್ಲ.